ಕುಸುಬಿ ಎಣ್ಣೆ ಕುಡಿದ ಪೆನ್ನು

ಪೆನ್ನಿನ ಹಿಂದಿನ ಗುಂಡಿ ತಿರುಗುತ್ತಿಲ್ಲ ಎಂದು ಬರುವವರಲ್ಲಿ ಎರಡು ಜಾತಿ. ತಿರುಗಲಿಲ್ಲ ಎಂದು ಸುಮ್ಮನೆ ತಂದುಕೊಡುವವರು ಒಂದು. ಇಕ್ಕಳ ಹಾಕಿ ತಿರುಗಿಸಿ, ಮುರಿದ ಮೇಲೆ ತರುವವರು ಇನ್ನೊಂದು. ಎರಡನೆಯವರೇ ಹೆಚ್ಚು. ಅವರನ್ನು ಬೈದೂ ಬೈದೂ ನನ್ನ ನಾಲಿಗೆ ಕೆಟ್ಟುಹೋಗಿದೆ. ಈ ಮರಾಠಿ ಊರಿನ ಶಿವಾಜಿನಗರದಲ್ಲಿ, ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗೆ ನನ್ನ ಪೆನ್ನು ರಿಪೇರಿ ಅಂಗಡಿ. ಒಂದು ಮೇಜು, ಒಂದು ಪುಟ್ಟ ಲೇಥು, ಎರಡು ಕುರ್ಚಿ. ಗಿರಾಕಿ ಬಂದರೆ ನಾನು ಎದ್ದು ಜಾಗ ಮಾಡಿಕೊಡಬೇಕು.

ಆ ಹೆಣ್ಣುಮಗಳು ಕರವಸ್ತ್ರದಲ್ಲಿ ಸುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, ‘ಯಾರೂ ಜೋರು ಮಾಡಿಲ್ಲ, ಕೆಟ್ಟ ಕೂಡಲೇ ತಂದಿದ್ದೇನೆ’ ಎಂದು ಮರಾಠಿಯಲ್ಲಿ ಹೇಳಿದಾಗ ನನಗೆ ಅರ್ಧ ಖುಷಿಯಾಯಿತು. ಅಷ್ಟರಲ್ಲಿ ಗೋಡೆಯ ಮೇಲಿದ್ದ ಕನ್ನಡ ಕ್ಯಾಲೆಂಡರ್ ಅವಳ ಕಣ್ಣಿಗೆ ಬಿತ್ತು.

“ಕನ್ನಡದವರೇನ್ರಿ, ಕಾಕಾ?”

“ಹೌದವಾ. ಬಾಗಲಕೋಟಿ ಕಡೆಯವ. ನೀವು?”

“ವಿಜಾಪುರದ ಕಡೆ ರೀ. ಈಗ ಯೆರವಡಾದಾಗ ಇರ್ತೀವಿ. ಇಲ್ಲೇ ಸಾಲಿಯೊಳಗ ಟೀಚರ್ ಇದೀನಿ. ಪೆನ್ನು ನಮ್ಮಪ್ಪಂದು. ಇದು ನಿಂತಾಗಿಂದ ಅವರು ಮಾತಾಡೂದು ಬಿಟ್ಟಾರ್ರಿ.”

“ಪೆನ್ನು ಕೆಟ್ರ ಬರಿಯೂದು ಬಿಡ್ತಾರವಾ, ಮಾತಾಡೂದು ಯಾಕ ಬಿಡ್ತಾರ?” ಎಂದು ನಾನು ಚೇಷ್ಟೆ ಮಾಡಿದೆ.

ಅವಳು ನಗಲಿಲ್ಲ. ಕುರ್ಚಿಯ ತುದಿಗೆ ಕೂತು ಹೇಳಿದಳು. ತಂದೆಗೆ ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಆಮೇಲೆ ಅವರ ಮಾತೆಲ್ಲ ಈ ಪೆನ್ನಿನಲ್ಲಿ. ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗಿನಿಂದ ಬರೆದದ್ದು ಇದರಲ್ಲೇ. ನಿಬ್ಬು ಅವರ ಕೈಗೆ ತಕ್ಕಂತೆ ಸವೆದಿತ್ತು, ಒತ್ತುವುದೇ ಬೇಕಿರಲಿಲ್ಲ. ಬರೆದ ಹಾಳೆಯನ್ನು ಮುಂದೆ ತಳ್ಳಿ ಬೆರಳಿನ ಗಣ್ಣಿನಿಂದ ಮೇಜು ಬಡಿಯುತ್ತಿದ್ದರಂತೆ, ಓದು ಎಂದು. ಓದುತ್ತಿದ್ದವಳು ಅವರ ಹೆಂಡತಿ. ಗಟ್ಟಿಯಾಗಿ, ಮನೆಗೆಲ್ಲ ಕೇಳುವಂತೆ. ಪೇಟೆಗೆ ಹೋದರೂ ಹಾಗೇ. ಅವರು ‘ಈ ಕಳ್ಳನ ಹತ್ರ ಬದನಿಕಾಯಿ ಬ್ಯಾಡ’ ಎಂದು ಬರೆದರೆ ಆಕೆ ಕಾಯಿಪಲ್ಲೆಯವನಿಗೆ ಮರಾಠಿಯಲ್ಲಿ, ‘ಸಾಹೇಬರು ಸ್ವಲ್ಪ ಕಡಿಮೆ ಮಾಡು ಅಂತಿದ್ದಾರೆ’ ಎನ್ನುತ್ತಿದ್ದಳು. ಅವರಿಗೆ ಸಿಟ್ಟು ಬಂದು ಅಲ್ಲೇ ತಕ್ಕಡಿಯ ಕಟ್ಟೆಯನ್ನು ಬಡಿಯುತ್ತಿದ್ದರು, ಬರೆದದ್ದನ್ನು ಬರೆದಹಾಗೆ ಓದು ಎಂದು.

“ದೀಪಾವಳಿ ಮುಂದ ಅವ್ವ ಹೋದ್ಲು ರೀ. ಮಲಗಿದಾಕಿ ಏಳಲೇ ಇಲ್ಲ. ದಿನಕರ್ಮ ಎಲ್ಲಾ ಮುಗದ ಮ್ಯಾಲೆ ಅಪ್ಪ ಮಸಿ ತುಂಬಾಕ ಹೋದ್ರ, ಇದು ತಿರುಗಲಿಲ್ಲ.”

ಮಗಳು ಬೇರೆ ಪೆನ್ನು ತಂದುಕೊಟ್ಟಳು. ಬಿಳಿ ಹಲಗೆ ತಂದಳು. ಮೊಬೈಲಿನಲ್ಲಿ ಕನ್ನಡ ಅಕ್ಷರ ಕೂಡಿಸುವುದನ್ನು ತೋರಿಸಿದಳು. ಅವರು ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಹಸಿವೆಯೋ, ಬಿಸಿಲೋ, ನೋವೋ, ಒಂದೂ ಗೊತ್ತಾಗದು.

“ಇದು ಸುರು ಆದ್ರ ಅವರೂ ಸುರು ಆಗಬಹುದು ಅಂತ ಒಂದು ಆಸೆ ರೀ,” ಎಂದಳು.

ನಾನು ಪೆನ್ನು ಎತ್ತಿಕೊಂಡೆ. ಹಸಿರು ಪಟ್ಟೆಯ ಹಳೇ ಜರ್ಮನ್ ಮಾಲು, ಸೆಲ್ಯುಲಾಯ್ಡ್ ಎಂಬ ಹಿಂದಿನ ಕಾಲದ ಪ್ಲಾಸ್ಟಿಕ್ಕಿನ ಮೈ. ಇಂಥ ಪೆನ್ನಿನೊಳಗೆ ರಬ್ಬರಿನ ನಳಿಗೆ ಇರುವುದಿಲ್ಲ, ಬ್ಯಾರಲ್, ಅಂದರೆ ಪೆನ್ನಿನ ಕೊಳವೆಯೇ ಮಸಿಯ ತೊಟ್ಟಿ. ಇಂಜೆಕ್ಷನ್ ಸಿರಿಂಜಿನಲ್ಲಿ ಇರುವಂಥದ್ದೇ ಒಂದು ಪಿಸ್ಟನ್ ಒಳಗಿರುತ್ತದೆ. ಹಿಂದಿನ ಗುಂಡಿ ತಿರುಗಿಸಿದರೆ ಅದು ಕೆಳಗಿಳಿಯುತ್ತದೆ. ನಿಬ್ಬನ್ನು ಮಸಿಯಲ್ಲಿ ಅದ್ದಿ ಉಲ್ಟಾ ತಿರುಗಿಸಿದರೆ ಮೇಲೇರುತ್ತ ಮಸಿ ಎಳೆದುಕೊಳ್ಳುತ್ತದೆ. ನಿಬ್ಬಿಗಿಂತ ಸ್ವಲ್ಪ ಮೇಲೆ ಬ್ಯಾರಲ್ಲಿಗೆ ಒಂದು ಪಾರದರ್ಶಕ ಪಟ್ಟಿ, ನಾವು ಕಿಟಕಿ ಅನ್ನುತ್ತೇವೆ, ಮಸಿ ಎಷ್ಟಿದೆ ನೋಡಲು. ಹಳೇ ಪೆನ್ನಿನಲ್ಲಿ ಎಲ್ಲಕ್ಕಿಂತ ಸೂಕ್ಷ್ಮ ಆ ಕಿಟಕಿಯೇ. ಇದರ ಗುಂಡಿ ಒಂದಿಷ್ಟು ಅಲುಗಿ ನಿಲ್ಲುತ್ತಿತ್ತು. ಇನ್ನೊಂದು ಚೂರು ಬಲ ಹಾಕಿದರೆ ಒಳಗಿನ ತಿರುಪು ಮುರಿದು ಪೆನ್ನು ಸತ್ತುಹೋಗುತ್ತದೆ. ನಾನು ಕೈ ತೆಗೆದೆ.

ಒಣಗಿದ ಮಸಿ ಹಿಡಿದಿರಬೇಕು ಅಂದುಕೊಂಡೆ. ನೂರಕ್ಕೆ ತೊಂಬತ್ತು ಸಲ ಅದೇ. ನೀರಲ್ಲಿ ನೆನೆಯಿಟ್ಟು ನಿಬ್ಬನ್ನು ಬಿಚ್ಚಿ, ಬ್ಯಾರಲ್ಲನ್ನು ನಿಬ್ಬಿನ ಕಡೆಯಿಂದ ನೀರಿನ ಲೋಟದಲ್ಲಿ ನಿಲ್ಲಿಸಿದೆ, ಅಮೋನಿಯಾದ ಹನಿ ಹಾಕಿ. ನೀಲಿ ಎಳೆ ಎಳೆಯಾಗಿ ಇಳಿಯತೊಡಗಿತು. ನೀರು ಬದಲಿಸಿದೆ, ಮತ್ತೆ ನೀಲಿ. ಹೀಗೆ ನಾಲ್ಕಾರು ದಿನ. ಕೊನೆಗೆ ನೀರು ನೀರಿನಂತೆಯೇ ಉಳಿಯಿತು. ಗುಂಡಿ ಹಿಡಿದೆ. ಕಲ್ಲು!

ನೀರನ್ನು ನಡುಗಿಸಿ ಕೊಳೆ ಬಿಡಿಸುವ ಡಬ್ಬಿ ಒಂದಿದೆ, ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥದ್ದು. ಅದರಲ್ಲಿಟ್ಟೆ. ಏನೂ ಆಗಲಿಲ್ಲ. ಬೆಳಕಿಗೆ ಹಿಡಿದು ಭೂತಗನ್ನಡಿ ಹಾಕಿ ನೋಡಿದರೆ ಪಿಸ್ಟನ್ನಿನ ಮುಂದಿನ ಗೋಡೆಯೆಲ್ಲ ಚೊಕ್ಕ. ಅದರ ಬೆನ್ನ ಹಿಂದೆ, ಗುಂಡಿಯ ಕಡೆಗೆ, ಕಂದು ಬಣ್ಣದ ಏನೋ ಗೋಡೆಗೆ ಕಚ್ಚಿಕೊಂಡಿತ್ತು. ಮಸಿ ಅಲ್ಲಿಗೆ ಹೋಗುವುದಿಲ್ಲ. ಹಿಂದೆ ಯಾರೋ ರಿಪೇರಿಯವ ಅರಗು ಹಚ್ಚಿರಬೇಕು ಎಂದು ಆ ಪುಣ್ಯಾತ್ಮನಿಗೆ ಸಹಸ್ರನಾಮ ಮಾಡಿದೆ. ಅರಗಿಗೆ ಸ್ಪಿರಿಟ್ ಮದ್ದು, ಆದರೆ ಸೆಲ್ಯುಲಾಯ್ಡಿಗೆ ಸ್ಪಿರಿಟ್ ತಾಗಿಸಬಾರದು. ಉಳಿದದ್ದು ಶಾಖ. ಅದರಲ್ಲೂ ಹುಷಾರಾಗಿರಬೇಕು, ಸೆಲ್ಯುಲಾಯ್ಡಿಗೆ ಸಿಟ್ಟು ಬಂದರೆ ಭುಗ್ ಎಂದು ಹತ್ತಿಕೊಳ್ಳುತ್ತದೆ. ಕೈ ತಡೆಯುವಷ್ಟು ಬಿಸಿ ನೀರಲ್ಲಿ ಅರಿವೆ ಅದ್ದಿ ಹಿಂಡಿ ಬ್ಯಾರಲ್ಲಿಗೆ ಸುತ್ತಿದೆ. ಆರಿದ ಮೇಲೆ ಮತ್ತೆ ಸುತ್ತಿದೆ. ಮೂರೋ ನಾಲ್ಕೋ ಸಲವಾದ ಮೇಲೆ ಅರಿವೆ ಬಿಚ್ಚಿ, ಗುಂಡಿಯ ಸಂದಿಗೆ ಕಣ್ಣು ಹಚ್ಚಲು ಪೆನ್ನನ್ನು ಮುಖದ ಹತ್ತಿರ ತಂದೆ.

ವಾಸನೆ ಬಂತು.

ಅರಗಿನದಲ್ಲ. ಕುಸುಬಿ ಎಣ್ಣೆಯದು. ನಮ್ಮ ಕಡೆಯ ಅಡುಗೆಮನೆಯಲ್ಲಿ ಬೆಳೆದ ಮೂಗಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಕುಸುಬಿ ಎಣ್ಣೆಯ ಡಬ್ಬಿಯ ಬಾಯಿಗೆ ಕಂದು ಅಂಟು ಕಟ್ಟಿಕೊಂಡಿರುತ್ತದಲ್ಲ, ಉಗುರಿನಿಂದ ಕೆರೆದರೂ ಬಾರದ್ದು, ಅದೇ ವಾಸನೆ. ಗಾಳಿಗೆ ಬಿಟ್ಟರೆ ಆ ಎಣ್ಣೆ ಮೊದಲು ಜಾರುತ್ತದೆ, ವಾರಗಟ್ಟಲೆ ಹೋದ ಮೇಲೆ ವಾರ್ನಿಶ್ ಆಗಿ ಗಟ್ಟಿಯಾಗುತ್ತದೆ. ಯಾರೋ ಗುಂಡಿಯ ಸಂದಿಯಿಂದ ಅದನ್ನು ಒಳಗೆ ಬಿಟ್ಟಿದ್ದರು. ನನ್ನ ತಲೆ ಕೆಟ್ಟಿತು. ಪೆನ್ನಿಗೆ ಒಗ್ಗರಣೆ ಹಾಕುವ ಶಾಣ್ಯಾ ಯಾರಪ್ಪಾ ಎಂದು ಒಬ್ಬನೇ ಒದರಿ, ಅದೇ ಬಿಸಿಯಲ್ಲಿ ಪೆನ್ನು ತಂದವಳಿಗೆ ಫೋನ್ ಮಾಡಿದೆ.

“ಏನವಾ, ಯಾರರ ಇದಕ್ಕ ಕುಸುಬಿ ಎಣ್ಣಿ ಹಾಕ್ಯಾರೇನು?”

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ತರಗತಿಯಿಂದ ಹೊರಗೆ ಬಂದಳೇನೋ, ಗದ್ದಲ ಸಣ್ಣದಾಯಿತು.

“ಅವ್ವನ ಇರಬೇಕ್ರಿ,” ಎಂದಳು. “ಬಾಗಲಾ ಕಿರ್ ಅಂದ್ರ ಕುಸುಬಿ ಎಣ್ಣಿ, ಹೊಲಿಗಿ ಮಸೀನಿಗೆ ಕುಸುಬಿ ಎಣ್ಣಿ, ಛತ್ರಿಗೂ ಅದ. ಆಪರೇಶನ್ ಆದ ಮ್ಯಾಲೆ ಅಪ್ಪನ ಬೆರಳಿಗೆ ಬಲಾ ಇರಲಿಲ್ಲ. ಗುಂಡಿ ಬಿಗಿ ಆಗತಿತ್ತು. ದಿನಾ ಅವ್ವನ ಮುಂದ ಹಿಡೀತಿದ್ರು, ತಿರುಗಿಸಿಕೊಡು ಅಂತ. ಮುದುಕಗ ಹಗುರ ಆಗಲಿ ಅಂತ ಹಾಕಿರಬೇಕ್ರಿ, ಕಾಕಾ.”

ಬಾಯಿಗೆ ಬಂದಿದ್ದ ಬೈಗುಳವೆಲ್ಲ ಹಾಗೇ ಒಳಗೆ ಹೋಯಿತು.

ಮುಂದಿನ ಕೆಲಸ ನನಗೆ ಗೊತ್ತಿತ್ತು. ಗಟ್ಟಿಯಾದ ಎಣ್ಣೆಗೆ ಸೀಮೆಎಣ್ಣೆಯೇ ಮದ್ದು. ಈಗ ಸಿಗುವುದೇ ಕಷ್ಟ, ಆದರೂ ಒಂದು ಬಾಟಲಿಯನ್ನು ಔಷಧದಂತೆ ಕಾಪಾಡಿಕೊಂಡಿದ್ದೇನೆ. ಡ್ರಾಪರಿನಲ್ಲಿ ಹನಿ ತುಂಬಿಕೊಂಡು ಗುಂಡಿಯ ಸಂದಿಗೆ ಹಿಡಿದೆ, ಒಳಗೆ ಬಿಡಲಿಲ್ಲ. ಒಮ್ಮೆ ಸೀಮೆಎಣ್ಣೆ ಒಳಗೆ ಹೋದರೆ ಆ ವಾಸನೆ ಇನ್ನಿಲ್ಲ. ಆಕೆ ಹೋದಳು, ಆಕೆಯ ಸೀರೆಗಳನ್ನು ಈಗಾಗಲೇ ಯಾರು ಯಾರಿಗೋ ಕೊಟ್ಟಿರುತ್ತಾರೆ. ಆಕೆ ತನ್ನ ಗಂಡನಿಗಾಗಿ ಮಾಡಿದ ಒಂದು ಕೆಲಸ ಈ ಪೆನ್ನಿನ ಹೊಟ್ಟೆಯಲ್ಲಿ ಇನ್ನೂ ಇದೆ. ಅದನ್ನು ತೊಳೆದು ಹಾಕಲು ನಾನು ಯಾರು? ಹಿರಿಯರು ಒಮ್ಮೆ ಮೂಸಿ ನೋಡಲಿ, ಆಮೇಲೆ ಮುಂದಿನದು ಎಂದುಕೊಂಡು ಮತ್ತೆ ಫೋನ್ ಮಾಡಿದೆ. “ಅಪ್ಪನ್ನ ಕರಕೊಂಡು ಬಾರವಾ, ಒಂದು ತೋರಿಸೂದದ,” ಎಂದಷ್ಟೇ ಹೇಳಿದೆ. ಭಾರೀ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದು ನನಗೆ ನನ್ನ ಮೇಲೆಯೇ ಪ್ರೀತಿ ಬಂದಿತ್ತು.

ರವಿವಾರ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೊರಳಿಗೆ ತೆಳುವಾದ ಬಿಳಿ ಅರಿವೆ ಕಟ್ಟಿದ್ದರು, ಉಸಿರಿಗೊಮ್ಮೆ ಅದು ಅಲುಗುತ್ತಿತ್ತು. ನಾನು ಕುರ್ಚಿ ಕೊಟ್ಟೆ. ಕೂಡಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಪೆನ್ನನ್ನೇ ನೋಡುತ್ತ ನಿಂತರು.

ಬ್ಯಾರಲ್ಲಿಗೆ ಬಿಸಿ ಅರಿವೆ ಸುತ್ತಿ, ಬಿಚ್ಚಿ, ಮೊದಲು ಮಗಳ ಮುಂದೆ ಹಿಡಿದೆ. ಮೂಸಿದ ಕೂಡಲೇ ಅವಳು “ಅಯ್ಯ ಅವ್ವಾ” ಎಂದು ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವರ ಮುಂದೆ ಹಿಡಿದೆ.

“ನೋಡ್ರಿ, ಕಾಕಾರ. ನಿಮ್ಮ ಮನಿಯವರು ಹಾಕಿದ ಎಣ್ಣಿ. ಇನ್ನೂ ಅದ. ಈ ಬಾಟಲ್ಯಾಗಿನ ಸೀಮಿಎಣ್ಣಿ ಬಿಟ್ರ ಹೋಗಿಬಿಡತದ.”

ಅವರು ಅಲುಗಲಿಲ್ಲ. ಮೂಗಿಗೆ ಇನ್ನಷ್ಟು ಹತ್ತಿರ ಹಿಡಿದೆ. ಮುಖದಲ್ಲಿ ಏನೂ ಇಲ್ಲ. ಎಂಥ ಕಲ್ಲು ಮನಸ್ಸಿನ ಮನುಷ್ಯ ಎಂದು ನನಗೆ ಅನ್ನಿಸಿಬಿಟ್ಟಿತು. ಮಗಳು ನನ್ನ ಮುಂಗೈ ಹಿಡಿದಳು.

“ಕಾಕಾ, ಅವರಿಗೆ ವಾಸನಿ ಬರೂದಿಲ್ರಿ. ಉಸರು ಕೊಳ್ಳಾಗಿನ ತೂತಿನಿಂದ ಹೋಗತದ. ಮೂಗಿನಾಗ ಗಾಳಿ ಆಡೂದಿಲ್ಲ.”

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಆ ಅರಿವೆ ಅಲುಗುತ್ತಿದ್ದುದನ್ನು ಕಣ್ಣಾರೆ ನೋಡಿಯೂ ನನಗೆ ಹೊಳೆದಿರಲಿಲ್ಲ. ಪೆನ್ನು ಹಿಂದಕ್ಕೆ ತೆಗೆಯಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ತುಟಿ ಬಿಗಿಯಾಗಿ ಮುಚ್ಚಿ, ದವಡೆಯನ್ನು ಮಾತ್ರ ಕೆಳಗೆ ಎಳೆದರು. ಹಿರಿಯರ ಮುಂದೆ ಕೂತವರು ಆಕಳಿಕೆ ಬಚ್ಚಿಡುತ್ತಾರಲ್ಲ, ಹಾಗೆ.

“ದವಾಖಾನಿಯಾಗ ಕಲಿಸಿದ್ರು ರೀ,” ಎಂದಳು ಮಗಳು ಮೆಲ್ಲಗೆ. “ಹಿಂಗ ಮಾಡಿದ್ರ ಸ್ವಲ್ಪ ಗಾಳಿ ಮೂಗಿಗೆ ಬರತದಂತ. ಅವ್ವ ದಿನಾ ಹೇಳ್ತಿದ್ಲು, ಮಾಡ್ರಿ, ಮಾಡ್ರಿ ಅಂತ. ಒಂದಿನಾನೂ ಮಾಡಿದವರಲ್ಲ.”

ಈಗ ಮಾಡಿದರು. ಮತ್ತೆ ಮಾಡಿದರು. ಕಣ್ಣು ಮುಚ್ಚಿಕೊಂಡು, ಕೊರಳ ನರ ಉಬ್ಬಿಸಿಕೊಂಡು, ಮತ್ತೆ ಮತ್ತೆ. ಬ್ಯಾರಲ್ ಆರಿತು. ನಾನು ಮತ್ತೆ ಬಿಸಿ ಮಾಡಿ ಹಿಡಿದೆ. ಮತ್ತೆ ಮಾಡಿದರು. ಕೊನೆಗೆ ಕಣ್ಣು ತೆರೆದು ಇಲ್ಲ ಎಂದು ತಲೆ ಅಲ್ಲಾಡಿಸಿದರು. ನನ್ನ ಬೆರಳುಗಳನ್ನು ಪೆನ್ನಿನ ಮೇಲೆ ತಾವೇ ಮಡಚಿ, ಒಮ್ಮೆ ಒತ್ತಿ, ಸೀಮೆಎಣ್ಣೆ ಬಾಟಲಿಯ ಕಡೆಗೆ ಗದ್ದ ಚಾಚಿದರು. ನಿನ್ನ ಕೆಲಸ ಮಾಡು ಎಂದು. ಕಚೇರಿಯಲ್ಲಿ ಬದುಕಿದವರು, ಇನ್ನೊಬ್ಬರ ಕೆಲಸ ತಡೆಯುವವರಲ್ಲ.

ಅವರು ಹೋದ ಮೇಲೆ ಸೀಮೆಎಣ್ಣೆ ಬಿಟ್ಟೆ.

ರಾತ್ರಿಯಿಡೀ ನೆನೆಯಿತು. ಮರುದಿನ ಬಿಸಿ ಅರಿವೆ ಸುತ್ತಿ ಗುಂಡಿ ತಿರುಗಿಸಿ ನೋಡಿದೆ. ಮೊದಲಿಗಿಂತ ಕೂದಲೆಳೆಯಷ್ಟು ಹೆಚ್ಚು ಹೋಗಿ ನಿಂತಿತು. ಮತ್ತೆ ಹನಿ, ಮತ್ತೆ ಶಾಖ. ಅಂಟು ಸಡಿಲಾಗಿದೆ, ಬಿಟ್ಟುಕೊಡುತ್ತಿಲ್ಲ. ಈಗ ಇದ್ದದ್ದು ಎರಡೇ ದಾರಿ. ಗುಂಡಿಯ ಮೇಲೆ ಬಲ ಹಾಕಿದರೆ ತಿರುಪು ಮುರಿಯುತ್ತದೆ, ಈ ಕಾಲದಲ್ಲಿ ಅದಕ್ಕೆ ಬದಲಿ ಸಿಗದು. ಹಿಂದಿನ ಗುಂಡಿಯ ಜೋಡಣೆಯನ್ನೇ ಬಿಚ್ಚಿ, ನಿಬ್ಬಿನ ಕಡೆಯಿಂದ ಕೋಲು ಹಾಕಿ ಪಿಸ್ಟನ್ನನ್ನು ಹಿಂದಕ್ಕೆ ನೂಕಿದರೆ ತಿರುಪು ಉಳಿಯುತ್ತದೆ, ಆದರೆ ನೂಕುವ ಬಲವೆಲ್ಲ ಕಿಟಕಿಯ ಮೇಲೆ ಬೀಳುತ್ತದೆ. ಅದು ಒಡೆದರೆ ಮಾಡಲು ಏನೂ ಉಳಿಯುವುದಿಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ವಾಪಸ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಮನೆಯ ಕಿಟಕಿಯ ಕಡೆ ಮುಖ ಮಾಡಿ ಕೂತ ಆ ಮನುಷ್ಯ ಕಣ್ಣ ಮುಂದಿದ್ದ. ನೂಕುವುದೇ ಎಂದು ತೀರ್ಮಾನಿಸಿದೆ.

ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ನಡೆಸಿದ ಕೈ ಇದು. ಶೀಶಂ ಕಟ್ಟಿಗೆಯ ಕೋಲೊಂದನ್ನು ಬ್ಯಾರಲ್ಲಿನ ಹೊಟ್ಟೆಗೆ ಸರಿಯಾಗಿ ಕೂಡುವಂತೆ ಕಡೆದು, ತುದಿಗೆ ಚರ್ಮದ ಬಿಲ್ಲೆ ಅಂಟಿಸಿದೆ, ಒತ್ತಡ ಒಂದೇ ಕಡೆ ಬೀಳದಿರಲಿ ಎಂದು. ಕಿಟಕಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದೆ. ಹಿಂದಿನ ಜೋಡಣೆಗೂ ಶಾಖ ಕೊಟ್ಟು, ರಬ್ಬರ್ ಹಿಡಿದು ಬಿಚ್ಚಿದೆ. ಅದು ಬಂತು, ಪಿಸ್ಟನ್ ಮಾತ್ರ ಒಳಗೇ ಉಳಿಯಿತು. ಬಡಿಯುವ ಕೆಲಸ ಇಲ್ಲವೇ ಇಲ್ಲ. ಕೋಲನ್ನು ಮೇಜಿಗೆ ನಿಲ್ಲಿಸಿ, ಬ್ಯಾರಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯ ಭಾರ ಮೆಲ್ಲಗೆ ಇಳಿಸಿದೆ. ನಿಲ್ಲಿಸಿದೆ. ಶಾಖ ಕೊಟ್ಟೆ. ಮತ್ತೆ ಇಳಿಸಿದೆ.

ಟಪ್ ಎಂದಿತು.

ಕಣ್ಣು ಮುಚ್ಚಿಕೊಂಡೆ. ಹೋಯಿತು, ಇನ್ನು ಆ ಮನೆಗೆ ಏನು ಮುಖ ತೋರಿಸಲಿ ಎಂದುಕೊಂಡು ಟ್ಯೂಬಿನ ಪಟ್ಟಿ ಬಿಚ್ಚಿದೆ. ಕಿಟಕಿ ಇದ್ದಹಾಗೇ ಇತ್ತು. ಟಪ್ ಎಂದದ್ದು ಅಂಟು. ಪಿಸ್ಟನ್ ಒಂದು ಜೋಳದ ಕಾಳಿನಷ್ಟು ಸರಿದಿತ್ತು. ಆಮೇಲೆ ತಡವಾಗಲಿಲ್ಲ. ಹಿಂದಿನ ಬಾಯಿಂದ ಹೊರಗೆ ಬಂತು, ಮೈಯೆಲ್ಲ ಬೆಲ್ಲದ ಪಾಕದಂಥ ಅಂಟು ಮೆತ್ತಿಕೊಂಡು. ಅರಿವೆಯಿಂದ ಒರೆಸಿದೆ. ಆ ಅರಿವೆಯನ್ನು ಎಸೆಯಲು ಕೈ ಬರಲಿಲ್ಲ, ಮೂಸಿ ನೋಡಿದೆ. ಬರೀ ಸೀಮೆಎಣ್ಣೆ. ಕಸದ ಡಬ್ಬಿಗೆ ಹಾಕಿದೆ. ಅಷ್ಟು ಹೊತ್ತು ತಡೆದುಕೊಂಡದ್ದು ಆಗ ಬಂತು, ಮೇಜಿಗೆ ತಲೆಯಿಟ್ಟು ಅತ್ತೆ. ಯಾರಿಗಾಗಿ ಎಂದು ಕೇಳಿದರೆ, ನಾನು ಮುಖವನ್ನೇ ನೋಡದ ಒಬ್ಬ ಹೆಣ್ಣುಮಗಳಿಗಾಗಿ.

ಉಳಿದದ್ದು ದಿನದ ಕೆಲಸ. ಪಿಸ್ಟನ್ನಿನ ಕಾರ್ಕ್ ಸೊರಗಿತ್ತು. ಹೊಸದನ್ನು ಕತ್ತರಿಸಿ, ಮೇಣದಲ್ಲಿ ಕುದಿಸಿ, ಮರಳು ಕಾಗದದಲ್ಲಿ ತಿಕ್ಕಿ ತಿಕ್ಕಿ ಕೂಡಿಸಿದೆ. ಪೆನ್ನಿಗೆಂದೇ ಬರುವ ಸಿಲಿಕಾನ್ ಗ್ರೀಸನ್ನು ಗುಂಡುಸೂಜಿಯ ತಲೆಯಷ್ಟು ಹಚ್ಚಿದೆ. ನೀರು ತುಂಬಿ ನೋಡಿದೆ, ಹನಿಯೂ ಸೋರಲಿಲ್ಲ. ಗುಂಡಿ ಎರಡೇ ಬೆರಳಿಗೆ ಸಲೀಸಾಗಿ ತಿರುಗಿತು.

ಗಿರಾಕಿಯ ಮನೆಗೆ ನಾನು ಹೋಗುವವನಲ್ಲ. ಇದನ್ನು ಮಾತ್ರ ತೆಗೆದುಕೊಂಡು ಯೆರವಡಾಕ್ಕೆ ಹೋದೆ. ಸಂಜೆಯ ಹೊತ್ತು. ಮಗಳು ಬಾಗಿಲು ತೆಗೆದು, “ಬರ್ರಿ ಕಾಕಾ, ಉಪ್ಪಿಟ್ಟು ಮಾಡಾಕತ್ತೀನಿ, ಕೂಡ್ರಿ,” ಎಂದು ಒಳಗೆ ಹೋದಳು. ಹಿರಿಯರು ಕಿಟಕಿಯ ಹತ್ತಿರವೇ ಇದ್ದರು. ಪೆನ್ನು ಕೊಟ್ಟೆ. ಮೇಜಿಗೆ ಬಂದು ಕೂತು, ಮಸಿ ದೌತಿಯ ಮುಚ್ಚಳ ತೆಗೆದು, ನಿಬ್ಬು ಅದ್ದಿ ಗುಂಡಿ ತಿರುಗಿಸಿದರು. ತಿರುಗಿತು. ಮಸಿ ಏರಿತು. ಮತ್ತೆ ಇಳಿಸಿದರು, ಮತ್ತೆ ಏರಿಸಿದರು. ಅವರ ಬೆರಳಿಗೆ ಒಂದಿಷ್ಟೂ ತ್ರಾಸಾಗಲಿಲ್ಲ. ಆಕೆ ಬಯಸಿದ್ದು ಇಷ್ಟೇ. ಇದನ್ನು ನೋಡಲು ಆಕೆ ಇರಬೇಕಿತ್ತು.

ಅವರು ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಬೆನ್ನುಮೇಲಾಗಿ ಹಾಕಿ ಬರೆದರು. ಬಹಳ ಹೊತ್ತು ಬರೆದರು, ಆದರೆ ಬರೆದದ್ದು ಕೆಲವೇ ಸಾಲು. ಹಾಳೆಯನ್ನು ನನ್ನ ಮುಂದೆ ತಳ್ಳಿದರು. ನಾನು ಕಣ್ಣಾಡಿಸುತ್ತಿರುವಾಗಲೇ ಬೆರಳಿನ ಗಣ್ಣಿನಿಂದ ಮೇಜು ಬಡಿದರು.

ಒಳಗೆ ಒಗ್ಗರಣೆಯ ಸದ್ದು ನಿಂತಿತು. “ಓದ್ರಿ ಕಾಕಾ, ಜೋರ್ಲೆ ಓದ್ರಿ,” ಎಂದಳು ಮಗಳು ಅಡುಗೆಮನೆಯಿಂದ.

ಪುಸ್ತಕದ ಕನ್ನಡವಲ್ಲ, ಅವರು ಆಡುತ್ತಿದ್ದ ಮಾತೇ ಅಲ್ಲಿತ್ತು. ಗಟ್ಟಿಯಾಗಿ ಓದಿದೆ:

“ಆಕಿ ಎಣ್ಣಿ ಹಾಕೂದು ನಾ ನೋಡೀನಿ. ಎಣ್ಣಿ ಹಾಕಿದ್ರ ಪೆನ್ನು ಕೆಡತದ ಅಂತ ನನಗ ಗೊತ್ತಿತ್ತು. ಬ್ಯಾಡ ಅನ್ನಬೇಕಂದ್ರ ಪೆನ್ನು ಆಕಿ ಕೈಯಾಗಿತ್ತು.”

ಹಾಳೆಯಿಂದ ಕಣ್ಣೆತ್ತಿ ಅವರನ್ನು ನೋಡಿದೆ. ಅವರು ಮೇಜು ಬಡಿದರು. ಮುಂದೆ ಓದಿದೆ:

“ಬಾಗಲಾ ಬಡೀಬಹುದಿತ್ತು. ಬಡೀಲಿಲ್ಲ. ಹಗುರ ತಿರಗತದ ಅಂತ ಒಬ್ಬಾಕಿನ ನಗಾಕತ್ತಿದ್ಲು.”

ಹಾಳೆಯಲ್ಲಿ ಮುಂದೆ ಏನೂ ಇರಲಿಲ್ಲ. ಅವರು ಮತ್ತೆ ಮೇಜು ಬಡಿದರು. ನಾನು ಮೊದಲಿನಿಂದ ಓದಿದೆ.